ಹೆಬ್ಬೆಟ್ಟಿನ ಮಸಿ

ಸಂಶಯದ ಬುದ್ಧಿ ನನಗೆ ಚಿಕ್ಕಂದಿನಿಂದಲೂ ಇದೆ. ಶಹಾಬಜಾರದ ನಮ್ಮ ಮನೆಗೆ ಬೀಗ ಹಾಕಿ ಹೊರಟರೆ, ಓಣಿಯ ತಿರುವಿನಿಂದ ಮತ್ತೆ ಓಡಿ ಬಂದು ಬೀಗ ಜಗ್ಗಿ ನೋಡುವವಳು ನಾನೇ. ಅವ್ವ ನೆರೆಮನೆಯವರ ಮುಂದೆ, "ಇಕಿಗಿ ಶಕ್ಕಿನ ಜಡ್ಡು ಅದ ನೋಡ್ರಿ. ಗುಡಿಗಿ ಹೋದ್ರೂ ಚಪ್ಪಲಿ ಪಿಶವ್ಯಾಗ ಇಟ್ಕೊಂಡು ಒಳಗ ಹೋಗ್ತಾಳ" ಎಂದು ನಗುತ್ತಿದ್ದಳು. ಆ ಜಡ್ಡೇ ಮುಂದೆ ನನಗೆ ಅನ್ನ ಹಾಕಿತು. ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಜನರ ನೆಮ್ಮದಿ ಇವನ್ನೆಲ್ಲ ಅಧ್ಯಯನ ಮಾಡುವ ಒಂದು ಸಂಶೋಧನಾ ಕೇಂದ್ರ ಶುರುವಾದಾಗ ನಾನೂ ಅರ್ಜಿ ಹಾಕಿದೆ. ಸಂದರ್ಶನದಲ್ಲಿ "ನಿಮ್ಮಲ್ಲೇನು ವಿಶೇಷ?" ಎಂದು ಕೇಳಿದರು. "ನಾನು ಯಾರನ್ನೂ ಸುಮ್ಮಸುಮ್ಮನೆ ನಂಬುವುದಿಲ್ಲ" ಎಂದೆ. ನಿರ್ದೇಶಕಿ ಮೇಡಂ ನಕ್ಕರು, ಕೆಲಸವನ್ನೂ ಕೊಟ್ಟರು. ಮನೆಮನೆಗೆ ಹೋಗಿ ಹೆಂಗಸರು ಹೇಳಿದ್ದನ್ನು ಬರೆದುಕೊಂಡು ಬರುವುದು ನನ್ನ ಪಾಲಿನ ಕೆಲಸ.

ತರಬೇತಿಯ ಮೊದಲ ದಿನವೇ ಮೇಡಂ ಹೇಳಿದ್ದರು: "ಹೆಣ್ಣುಮಗಳು ತನಗಾದದ್ದನ್ನು ಹೇಳಿದರೆ ಮೊದಲು ನಂಬಿ. ಸಾಕ್ಷಿ ಎಲ್ಲಿ, ಇಷ್ಟು ದಿನ ಯಾಕೆ ಸುಮ್ಮನಿದ್ದೆ, ಇಂಥ ಪ್ರಶ್ನೆ ನಿಮ್ಮ ಬಾಯಿಂದ ಬರಕೂಡದು." ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ನನ್ನ ಶಕ್ಕನ್ನೆಲ್ಲ ಉಳಿದವರ ಮೇಲೆ ಖರ್ಚು ಮಾಡಿದರಾಯಿತು ಅಂದುಕೊಂಡೆ. ಉಳಿದವರಿಗೇನು ಬರವೇ?

ನನಗೆ ಸಿಕ್ಕಿದ್ದು ಕಮಲಾಪುರದ ಒಂದು ಓಣಿ. ವಾರಕ್ಕೆರಡು ದಿನ ಕಲಬುರಗಿಯಿಂದ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಹೋಗುತ್ತಿದ್ದೆ. ಮನೆಗಳನ್ನು ತೋರಿಸಿ ಪರಿಚಯ ಮಾಡಿಸಲು ಅದೇ ಊರಿನ ಒಬ್ಬ ಹೆಂಗಸನ್ನು ಕೇಂದ್ರದವರು ಗೊತ್ತು ಮಾಡಿದ್ದರು. ಐವತ್ತರ ಆಸುಪಾಸು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಊರಿನ ಮಹಿಳಾ ಸಂಘ ಕಟ್ಟಿದವರು. ಊರೆಲ್ಲ ಅವರನ್ನು ಅಕ್ಕ ಅನ್ನುತ್ತಿತ್ತು, ನಾನೂ ಅಕ್ಕ ಅಂದೆ. ಅಬ್ಬಬ್ಬಾ, ಅವರ ಬಾಯಿ! ಬಸ್ಸಿಳಿದಲ್ಲಿಂದ ಓಣಿ ಮುಟ್ಟುವುದರೊಳಗೆ ಯಾರ ಮಗಳಿಗೆ ಗಂಡು ಬಂದಿದೆ, ಯಾರ ಎಮ್ಮೆ ಈದಿದೆ, ಬಾಳೆತೋಟದಲ್ಲಿ ಯಾರ ಜೊತೆ ಯಾರು ಜಗಳಾಡಿದರು, ಎಲ್ಲ ಹೇಳಿ ಮುಗಿಸುತ್ತಿದ್ದರು. ಇಷ್ಟು ಮಾತಾಡುವವರ ಹೊಟ್ಟೆಯಲ್ಲಿ ಗುಟ್ಟು ನಿಂತೀತೇ ಎಂದು ನನಗೆ ಮೊದಲ ದಿನವೇ ಅನ್ನಿಸಿತು.

ನಮ್ಮ ಕೆಲಸ ಎರಡು ಹಂತದ್ದು. ಮೊದಲನೆಯದು ಎಲ್ಲ ಮನೆಗೂ ಒಂದೇ: ನೀರು, ಆಸ್ಪತ್ರೆ, ಮಕ್ಕಳ ಶಾಲೆ, ಕೊನೆಗೆ ಮೆಲ್ಲಗೆ ಮನೆಯೊಳಗಿನ ಹೊಡೆತ ಬಡಿತದ ಎರಡು ಪ್ರಶ್ನೆ. "ಹಿಂಸೆ" ಎಂದು ಕೇಳಿದರೆ ಎಲ್ಲರೂ ತಲೆ ಅಲ್ಲಾಡಿಸಿ ಇಲ್ಲ ಎನ್ನುತ್ತಿದ್ದರು. "ತ್ರಾಸ" ಎಂದು ಕೇಳಿದರೆ ಬಾಯಿ ಬಿಚ್ಚುತ್ತಿದ್ದರು. ಹೌದು ಎಂದವರಿಗೆ ಮಾತ್ರ ಎರಡನೆಯ ಹಂತ. ಅದು ಉದ್ದದ ಕಾಗದ, ಅದಕ್ಕೆ ಅವರ ಒಪ್ಪಿಗೆ ಬರವಣಿಗೆಯಲ್ಲೇ ಬೇಕು ಎಂದು ನಿಯಮ. ಸಹಿ ಮಾಡಿಸಿದರೆ ಹೆಸರು ಕಾಣುತ್ತದಲ್ಲ ಎಂದು ಸಭೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ನಾನು ಎದ್ದು ನಿಂತೆ. "ಹೆಬ್ಬೆಟ್ಟು ಒತ್ತಿಸೋಣ. ಹೆಬ್ಬೆಟ್ಟು ಯಾರದೆಂದು ಯಾವ ಗಂಡನಿಗೆ ಓದಲು ಬರುತ್ತದೆ?" ಎಂದೆ. ಎಲ್ಲರೂ ಮೇಜು ಕುಟ್ಟಿದರು. ಮೇಡಂ, "ನಿಮ್ಮ ಅನುಮಾನದ ಸ್ವಭಾವ ನೋಡಿ ಹೇಗೆ ಉಪಯೋಗಕ್ಕೆ ಬಂತು" ಎಂದರು. ಅವತ್ತು ಜೇವರ್ಗಿ ಕಾಲೋನಿಯ ನನ್ನ ಬಾಡಿಗೆ ಮನೆಗೆ ಹೋಗುವಾಗ ಆಟೋದಲ್ಲಿ ಒಬ್ಬಳೇ ನಗುತ್ತಿದ್ದೆ.

ಆ ಓಣಿಯಲ್ಲಿ ಟೆಂಪೋ ಓಡಿಸುವವನ ಮನೆ ಒಂದಿತ್ತು. ಅವನು ಕಮಲಾಪುರದ ಬಾಳೆಗೊನೆ ತುಂಬಿಕೊಂಡು ಕಲಬುರಗಿಯ ಮಾರುಕಟ್ಟೆಗೆ ಹೋಗುತ್ತಿದ್ದ. ಒಳ್ಳೆಯ ಮಾತಿನವನು. ನನ್ನನ್ನು ಕಂಡರೆ "ಬರ್ರಿ ಮೇಡಂ, ಚಾ ಕುಡದು ಹೋಗ್ರಿ" ಎನ್ನದೆ ಬಿಡುತ್ತಿರಲಿಲ್ಲ. ಹೆಂಡತಿಗೆ ಮೂವತ್ತು ತುಂಬಿರಲಿಕ್ಕಿಲ್ಲ. ಎರಡನೇ ಇಯತ್ತೆ ಓದುವ ಒಬ್ಬಳೇ ಮಗಳು. ಅತ್ತೆ ಗಿರಣಿಗೆ ಹೋಗಿದ್ದ ಹೊತ್ತಿನಲ್ಲಿ ಹಿತ್ತಲ ನಲ್ಲಿಯ ಹತ್ತಿರ ಕೂತು ಅವಳು ಎಲ್ಲ ಹೇಳಿದಳು. ಕುಬುಸದ ತೋಳು ಸರಿಸಿ ತೋರಿಸಿದಳು. ಬರೆದು ಮುಗಿಸುವಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಳು.

"ಮನ್ಯಾಗ ಗೊತ್ತಾದ್ರ ನನ್ನ ತವರಿಗಿ ಅಟ್ತಾರ್ರಿ ಮೇಡಂ. ಮಗಳನ್ನ ಕೊಡಂಗಿಲ್ಲ. ಹೊಡೆತ ಏನ್ ಮಾಡೀತ್ರಿ, ತಡ್ಕೋತೀನಿ. ಮಗಳನ್ನ ಬಿಟ್ಟು ಇರಾಕ ಆಗಂಗಿಲ್ಲ."

"ನನ್ನ ಕತ್ತು ಕೊಯ್ದರೂ ಯಾರಿಗೂ ಗೊತ್ತಾಗುವುದಿಲ್ಲ" ಎಂದೆ. ಸ್ಟಾಂಪ್ ಪ್ಯಾಡು ತೆಗೆದೆ, ಅವಳ ಹೆಬ್ಬೆರಳು ಹಿಡಿದು ಒತ್ತಿಸಿದೆ, ಕಾಗದವನ್ನು ಮಡಚಿ ಚೀಲದ ತಳಕ್ಕೆ ಹಾಕಿದೆ. ಅಕ್ಕ ಅಷ್ಟು ಹೊತ್ತೂ ಮುಂಬಾಗಿಲಲ್ಲಿ ಕೂತು ಕಾವಲು ಕಾಯುತ್ತಿದ್ದರು.

ಮುಂದಿನ ವಾರ ಹೋದಾಗ ಅವಳಿರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ನನ್ನನ್ನು ನೋಡಿ, "ಊರ ಮುಂದ ಮನಿ ಮಾನ ಕಳ್ದಾಳ. ತವರಿಗಿ ಹೋಗ್ಯಾಳ, ಅಲ್ಲೇ ಇರ್ಲಿ" ಎಂದು ಬಾಚಣಿಗೆಯನ್ನು ಜೋರಾಗಿ ಎಳೆದಳು. ಮಗು ಅಯ್ಯೋ ಎಂದಿತು. ಆ ಮಗುವಿನ ಮುಖ ನೋಡಲಾಗದೆ ಅಲ್ಲಿಂದ ಹೊರಟೆ.

ಯಾರು ಹೇಳಿದರು? ನಾನು ಹೇಳಿಲ್ಲ. ಕಾಗದ ಕೇಂದ್ರದ ಕಪಾಟಿನಲ್ಲಿತ್ತು, ಬೀಗದ ಕೈ ಮೇಡಂ ಹತ್ತಿರ. ನಾನಾದರೋ ಕಪಾಟನ್ನು ಮೂರು ಸಲ ಜಗ್ಗಿ ನೋಡಿ ಬಂದವಳು. ಅವಳ ಮನೆಗೆ ನನ್ನ ಜೊತೆ ಬಂದಿದ್ದವರು ಒಬ್ಬರೇ. ಅಷ್ಟು ಯೋಚಿಸಿದ್ದೇ ತಡ, ಅಕ್ಕ ಮಾಡಿದ್ದೆಲ್ಲ ನನಗೆ ಬೇರೆಯಾಗಿ ಕಾಣತೊಡಗಿತು. ಮುಂಬಾಗಿಲಲ್ಲಿ ಕೂತಿದ್ದರಲ್ಲ, ಕಾಯುತ್ತಿದ್ದರೋ ಕೇಳುತ್ತಿದ್ದರೋ? ಅವತ್ತೇ ಓಣಿಯ ತುದಿಯಿಂದ ತಿರುಗಿ ನೋಡಿದರೆ ಅಕ್ಕ ಅದೇ ಅತ್ತೆಯ ಪಕ್ಕದಲ್ಲಿ ಕೂತು, ತಲೆಗೆ ತಲೆ ಹಚ್ಚಿ ಏನೋ ಮಾತಾಡುತ್ತಿದ್ದರು. ನಾನು ಹತ್ತಿರ ಹೋಗುತ್ತಲೇ ಇಬ್ಬರೂ ಗಪ್ಪಾದರು.

"ಅಕ್ಕಾ, ಆ ಮನಿ ಸುದ್ದಿ ಹೊರಗ ಹ್ಯಾಂಗ ಬಂತು?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ.

"ನನಗೂ ಅದೇ ತಿಳೀವಲ್ದು ನೋಡ್ರಿ."

"ನೀವು ಯಾರ ಮುಂದಾದ್ರೂ..."

"ನಾ ಹೇಳಿಲ್ರಿ ಮೇಡಂ" ಎಂದರು. ಅಷ್ಟೇ. ಯಾವಾಗಲೂ ಹತ್ತು ಮಾತಾಡುವವರು ಅವತ್ತು ಒಂದೇ ಮಾತಾಡಿದ್ದೂ ನನಗೆ ಕಳ್ಳತನದ ಗುರುತಾಗಿ ಕಂಡಿತು. ನೋಡಿ ನನ್ನ ಬುದ್ಧಿ!

ನಾನೊಂದು ಬಲೆ ಹೂಡಿದೆ. ಅಕ್ಕನ ಕಿವಿಯಲ್ಲಿ ಮಾತ್ರ, "ಮಂಗಳವಾರ ನನ್ನ ಜೊತಿ ಪೊಲೀಸ್ ಮೇಡಂ ಒಬ್ರು ಬರ್ತಾರ, ಯಾರಿಗೂ ಹೇಳಬ್ಯಾಡ್ರಿ" ಎಂದು ಸುಳ್ಳು ಊದಿದೆ. ಮಂಗಳವಾರ ಹೋಗಿ ನೋಡುತ್ತೇನೆ, ಓಣಿ ಬಿಕೋ ಎನ್ನುತ್ತಿದೆ. ಗಂಡಸರು ಒಬ್ಬರೂ ಇಲ್ಲ, ಅರ್ಧ ಮನೆಗಳಿಗೆ ಬೀಗ. ಸಿಕ್ಕಿಬಿದ್ದರು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಯಿತು. ಸಂಜೆಯೊಳಗೆ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಅವರು, "ಅವರನ್ನೊಮ್ಮೆ ಕರೆಸಿ ಕೇಳೋಣವೇ?" ಎಂದರು. "ಕೇಳಿಯಾಯಿತು ಮೇಡಂ, ಇಲ್ಲ ಅಂತಾರೆ. ಕಳ್ಳರು ಹೌದು ಅಂತಾರೆಯೇ?" ಎಂದೆ. ಅಕ್ಕನಿಗೆ ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಊರಿನಲ್ಲಿ ಅದಕ್ಕೆ ಏನರ್ಥ ಹುಟ್ಟುತ್ತದೆ ಎಂದು ನಾವಿಬ್ಬರೂ ಯೋಚಿಸಲಿಲ್ಲ. ನಂಬಿದ ಹೆಂಗಸೊಬ್ಬಳ ಮಾತನ್ನು ಮಾರಿಕೊಂಡವಳು ಎಂದು ಅವರ ಸಂಘದವರೇ ಅವರ ಮನೆಗೆ ಹೋಗುವುದನ್ನು ಬಿಟ್ಟರಂತೆ.

ಇಷ್ಟಾದರೂ ಆ ತಾಯಿಯ ಮಗಳು ಅಜ್ಜಿಯ ಹತ್ತಿರವೇ ಇದ್ದಳು. ತಪ್ಪು ಮಾಡಿದವರನ್ನು ಹಿಡಿದ ಮೇಲೆ ಸಮಾಧಾನ ಆಗಬೇಕಿತ್ತಲ್ಲ, ಆಗಲಿಲ್ಲ. ಒಂದು ಭಾನುವಾರ ಆಟೋ ಹಿಡಿದು ಶರಣಸಿರಸಗಿಗೆ ಹೋದೆ. ಅವಳ ತವರು ಅಲ್ಲೇ, ಹೊಸ ಬಡಾವಣೆಯ ಕಲ್ಲು ನೆಟ್ಟ ಹೊಲದ ಪಕ್ಕದ ಮನೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ, ಬೈಯಲೂ ಇಲ್ಲ. ಅವಳ ಅವ್ವ ಚಾಪೆ ಹಾಸಿದಳು.

"ಯಾರು ಹೇಳಿದ್ದು ಅಂತ ಗೊತ್ತಾಗಿದೆ. ಅವರನ್ನು ತೆಗೆದು ಹಾಕಿದ್ದೇವೆ" ಎಂದೆ. ಅವಳಿಗೆ ಅಷ್ಟಾದರೂ ನೆಮ್ಮದಿ ಸಿಗಲಿ ಎಂದು.

"ಯಾರನ್ರಿ?"

"ಅಕ್ಕನ್ನ."

ಅವಳ ಕೈಯೊಳಗಿನ ರೊಟ್ಟಿ ನಿಂತಿತು. "ಅಕ್ಕ ಯಾಕ ಹೇಳ್ತಾಳ್ರಿ? ನನ್ನ ಹಿಟ್ಟು ಹೇಳ್ತು."

ನನಗೆ ತಿಳಿಯಲಿಲ್ಲ. ಅವಳು ತನ್ನ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. "ನೀವು ಮಸಿ ಹಚ್ಚಿ ಹೋದ್ರಿ. ತಿಕ್ಕಿದೆ, ಬೂದಿ ಹಚ್ಚಿ ತಿಕ್ಕಿದೆ, ಹೋಗ್ಲಿಲ್ಲ. ಸಂಜಿಗಿ ಜೋಳದ ಹಿಟ್ಟು ನಾದಿದ್ರ ಹಿಟ್ಟಿಗೆಲ್ಲ ನೇರಳೆ ಬಣ್ಣ. ಅತ್ತಿ ನೋಡಿದ್ಳು. ಮಗ್ಗಲ ಮನಿ ಇಬ್ರಿಗೂ ಹೆಬ್ಬಟ್ಟು ಹಂಗೇ ಇತ್ತು. ಅವ್ರ ಗಂಡಂದಿರು ಹೊಡೆಯೋದು ಊರಿಗೆಲ್ಲ ಗೊತ್ತದ. ಮಸಿ ಹತ್ತಿದವ್ರೆಲ್ಲ ಹೇಳಿದವ್ರು ಅಂತ ತಿಳ್ಕೊಳ್ಳಾಕ ಶಾಣ್ಯಾತನ ಬೇಕೇನ್ರಿ?"

ಇಲ್ಲ ಎಂದವರಿಗೆ ನಾವು ಮಸಿ ಹಚ್ಚಿರಲಿಲ್ಲ. ಹೌದು ಎಂದ ಒಬ್ಬೊಬ್ಬರನ್ನೂ ಆರಿಸಿ, ಕೈ ಹಿಡಿದು, ನಾನೇ ಗುರುತು ಹಾಕಿ ಬಂದಿದ್ದೆ. ಅದೂ ರೊಟ್ಟಿ ಬಡಿಯುವ ಕೈಗೆ. ಥೂ ನನ್ನ ಜಾಣತನಕ್ಕೆ! ಜೋಳದ ಹಿಟ್ಟು ಬೆಳ್ಳಗಿರುತ್ತದೆ ಎಂಬುದು ಶಹಾಬಜಾರದಲ್ಲಿ ಹುಟ್ಟಿ ರೊಟ್ಟಿ ತಿಂದೇ ಬೆಳೆದ ನನಗೆ ಗೊತ್ತಿರಲಿಲ್ಲವೇ? ಕಪಾಟಿನ ಬೀಗ ಜಗ್ಗಿದೆ, ಅಕ್ಕನ ಬೆನ್ನು ಹತ್ತಿದೆ, ನನ್ನ ಚೀಲದೊಳಗಿನ ಪ್ಯಾಡಿನ ಮೇಲೆ ಮಾತ್ರ ಶಕ್ ಬರಲಿಲ್ಲ.

"ವಕೀಲರನ್ನು ಮಾತಾಡಿಸ್ತೀವಿ, ಕೋರ್ಟಿಗೆ ಹೋಗೋಣ, ಮಗಳನ್ನು ಕೊಡಿಸ್ತೀವಿ" ಎಂದೆಲ್ಲ ಬಡಬಡಿಸಿದೆ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನಿಮ್ಮ ಕೋರ್ಟು ಮುಗಿಯೂತನಕ ನನ್ನ ಮಗಳು ನನ್ನ ಮಾರಿ ಮರೀತಾಳ. ಅಕ್ಕ ಏನೋ ಮಾಡ್ಲಾಕತ್ತಾಳ. ಅಕಿನ್ನ ಕೇಳ್ರಿ."

ಮರುದಿನ ಅಕ್ಕನ ಮನೆ ಬಾಗಿಲಲ್ಲಿ ನಿಂತೆ. ಅವರು ಒಳಗೆ ಕರೆಯಲಿಲ್ಲ. ಹೊಸ್ತಿಲ ಆಚೆ ಅವರು, ಈಚೆ ನಾನು. ತಪ್ಪಾಯಿತು ಎಂದೆ. ಹಿಟ್ಟಿನ ಕಥೆ ಹೇಳಿದೆ. ಬಲೆ ಹೂಡಿದ್ದನ್ನೂ ಹೇಳಿಬಿಟ್ಟೆ.

"ಓಹೋ, ಆ ಪೊಲೀಸ್ ಸುದ್ದಿ ಸುಳ್ಳಾ?" ಎಂದರು. "ಪೊಲೀಸರು ಬರ್ತಾರ ಅಂದ್ರ ಹೇಳ್ದೆ ಇರ್ಲೇನ್ರಿ? ಪೊಲೀಸರ ಮುಂದ ಹೆಂಗಸ್ರು ಬಾಯಿ ಬಿಟ್ರು ಅಂತ ಆದ್ರ ಹಿಂದಿನಿಂದ ಬಡಿತ ತಿನ್ನೋರು ಅವ್ರೇ. ಅದಕ್ಕೇ ಎಲ್ಲಾರೂ ತೋಟಕ್ಕ ಹೋಗ್ರಿ ಅಂತ ನಾನೇ ಅಟ್ಟಿದೆ. ಅತ್ತಿ ಮಗ್ಗಲ ಕುಂತು ಏನು ಮಾತಾಡ್ತಿದ್ದೆ ಅಂತ ಒಂದು ಮಾತು ಕೇಳಿದ್ರೇನು? ಮಗಳನ್ನ ಅಕಿ ತಾಯಿ ಹಂತ್ಯಾಕ ಕಳಸು ಅಂತ ಕಾಲು ಬೀಳಾಕತ್ತಿದ್ದೆ."

"ಅಕ್ಕಾ..."

"ನಾ ಹೇಳಿಲ್ಲ ಅಂತ ಒಂದೇ ಮಾತು ಹೇಳಿದೆ. ಅದನ್ನ ನಂಬಲಿಲ್ಲ ನೀವು. ಹೆಂಗಸರ ಮಾತು ನಂಬಬೇಕು ಅಂತ ನಮಗ ಕಲಸಾಕ ಬಂದವ್ರು." ನಾನು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ಅತ್ತದ್ದು ಮುಗಿದ ಮೇಲೆ ಕೆಲಸದ ಮಾತಿಗೆ ಬಂದರು. ಗಂಡನ ಮನೆಯವರು ಒಂದು ಷರತ್ತು ಹಾಕಿದ್ದರು. ಅವಳು ನಮ್ಮ ಮುಂದೆ ಏನೂ ಹೇಳಿಲ್ಲ ಎಂದು ಕೇಂದ್ರದ ಕಾಗದ ಬೇಕು, ಅದರ ಕೆಳಗೆ ಅವಳ ಒಪ್ಪಿಗೆಯ ಗುರುತೂ ಬೇಕು. ಹಿರಿಯರ ಮುಂದೆ ಅದನ್ನು ಓದಬೇಕು. ಆಗ ಅವಳು ಮನೆಗೆ ಬಂದು ಮಗಳ ಜೊತೆ ಇರಬಹುದು.

"ಅಂದ್ರ ಮತ್ತ ಆ ಹೊಡೆಯುವವನ ಮನಿಗೇ?" ಎಂದೆ.

"ಅಕಿನ್ನ ಕೇಳೀನಿ. ಮಗಳು ಎಲ್ಲದಾಳ ಅಲ್ಲೇ ನಾನು ಅಂತಾಳ. ನನ್ನ ಮನಿ ನಾಕು ಹೆಜ್ಜಿ ಮ್ಯಾಲದ. ಅಂವ ಕೈ ಎತ್ತಿದ್ರ ನಾ ಹೋಗಿ ನಿಂದರ್ತೀನಿ. ನಿಮ್ಮ ಕೇಂದ್ರ ಬಂದು ನಿಂದರ್ತದೇನು?"

ಮೇಡಂ ಮೊದಲು ಒಪ್ಪಲಿಲ್ಲ. ಅದು ಸುಳ್ಳು ದಾಖಲೆ, ನಾಳೆ ಅವಳು ಕೋರ್ಟಿಗೆ ಹೋದರೆ ಅವಳ ವಿರುದ್ಧವೇ ನಿಲ್ಲುತ್ತದೆ ಎಂದರು. ಆ ಮಾತು ಸರಿಯೇ. ಹಾಗಂತ ಕೂತರೆ ಮಗಳು? ಒಬ್ಬರ ಮೇಲೊಬ್ಬರು ಕೂಗಾಡಿದೆವು. ಕೊನೆಗೆ ಮೇಡಂ ಪೆನ್ನು ತೆಗೆದುಕೊಂಡು, "ದೂರು ಎಂಬ ಪದ ಹಾಕಿ. ಈ ಮಹಿಳೆ ನಮ್ಮಲ್ಲಿ ಯಾವ ದೂರನ್ನೂ ಕೊಟ್ಟಿಲ್ಲ ಅಂತ. ನಾವು ದೂರು ತೆಗೆದುಕೊಳ್ಳುವವರೇ ಅಲ್ಲ, ಆದ್ದರಿಂದ ಅದು ನಿಜ" ಎಂದರು. ಹೇಳಿ ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ಹಿಟ್ಟಿನ ಬಣ್ಣ ನೋಡಿ ಒಂದೇ ಕ್ಷಣದಲ್ಲಿ ಎಲ್ಲ ತಿಳಿದವರಿಗೆ ನಮ್ಮ ಈ ನಾಜೂಕು ತಿಳಿಯದೇ ಹೋಗುತ್ತದೆಯೇ ಎಂಬ ಭಯ ನನ್ನನ್ನು ಬಸ್ಸಿನುದ್ದಕ್ಕೂ ಕಾಡಿತು.

ಟೆಂಪೋದವನ ಕಟ್ಟೆಯ ಮೇಲೆ ನಾಲ್ಕು ಮಂದಿ ಹಿರಿಯರು ಕೂತಿದ್ದರು. ಅವಳು ಅವ್ವನ ಜೊತೆ ಅಂಗಳದಲ್ಲಿ ನಿಂತಿದ್ದಳು, ತಲೆ ತುಂಬ ಸೆರಗು. ಮಗಳು ಬಾಗಿಲ ಹಿಂದೆ, ಅಜ್ಜಿಯ ಸೀರೆ ಹಿಡಿದು. ಅಷ್ಟು ಹತ್ತಿರ ಇದ್ದರೂ ಅದಕ್ಕೆ ತಾಯಿಯ ಕಡೆ ಬರಲು ಅಪ್ಪಣೆ ಇರಲಿಲ್ಲ. ಕಾಗದ ಓದಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

ಹಿರಿಯರಲ್ಲಿ ಒಬ್ಬರು, "ಏನೂ ಹೇಳಿಲ್ಲ ಅಂದ್ರ ಹೆಬ್ಬಟ್ಟಿಗಿ ಮಸಿ ಯಾಕ ಹತ್ತಿತ್ರಿ?" ಎಂದರು.

"ಮನಿಗಿ ಬಂದು ಹೋದದ್ದಕ್ಕ ಗುರುತು ರೀ" ಎಂದೆ.

"ಹಂಗಾರ ನನಗ್ಯಾಕ ಹಚ್ಚಿಲ್ಲ?" ಅತ್ತೆ ಬಾಗಿಲಿಂದಲೇ ಕೇಳಿದಳು.

ನಾಲ್ಕು ಜನರೂ ನನ್ನನ್ನೇ ನೋಡಿದರು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದೊಡ್ಡ ಬಾಯಿ ಕೇಳಿತು. "ನೀ ಎಲ್ಲಿದ್ದಿ ಅವತ್ತ? ಗಿರಣ್ಯಾಗ ಕುಂತು ಹರಟಿ ಹೊಡೀತಿದ್ದಿ. ಮನ್ಯಾಗ ಇದ್ದವ್ರಿಗಿ ಹಚ್ಚಿದ್ರು. ನನಗೂ ಹಚ್ಚಿದ್ರು, ನೋಡಿಲ್ಲೇನು?" ಅಕ್ಕನಿಗೆ ನಾನು ಎಂದೂ ಮಸಿ ಹಚ್ಚಿರಲಿಲ್ಲ. ಮಾತು ಮಾರಿಕೊಂಡವಳು ಎಂದು ಯಾವ ಓಣಿ ಅವರನ್ನು ದೂರ ಇಟ್ಟಿತ್ತೋ ಅದೇ ಓಣಿಯ ಮುಂದೆ ನಿಂತು, ಕಣ್ಣು ಪಿಳುಕಿಸದೆ ಸುಳ್ಳು ಹೇಳಿದರು. ಹಿರಿಯರು ಅತ್ತೆಯ ಕಡೆ ನೋಡಿದರು. ಅತ್ತೆ ಏನೋ ಗೊಣಗಿ ಸುಮ್ಮನಾದಳು.

ಕಾಗದವನ್ನು ಅವಳ ಮುಂದೆ ಹಿಡಿದೆ. ಅವಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಕಟ್ಟೆಯ ಅಂಚಿಗೆ ಕಾಗದ ಇಟ್ಟು, ತನ್ನ ಹೆಸರು, ತಂದೆಯ ಹೆಸರು, ಊರು, ಎಲ್ಲವನ್ನೂ ದುಂಡಗೆ ಬರೆದಳು. ಬರೆಯಲು ಬರುತ್ತದೋ ಎಂದು ನಾನು ಅವಳನ್ನು ಎಂದೂ ಕೇಳಿರಲಿಲ್ಲ. ಗಂಡ ಕಾಗದ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ನಗುಮುಖದಿಂದ, "ಚಾ ತರ್ರಿ ಮೇಡಮ್ಮಗ" ಎಂದ.

ಅತ್ತೆ ಸೀರೆ ಬಿಡಿಸಿಕೊಂಡು ಮಗುವನ್ನು ಮುಂದೆ ತಳ್ಳಿದಳು. ಮಗು ಓಡಿ ಬಂದು ತಾಯಿಯ ಹೊಟ್ಟೆಗೆ ಮುಖ ಒತ್ತಿತು. ಅವಳು ಅದನ್ನು ಎತ್ತಿಕೊಂಡು ಹೊಸ್ತಿಲ ತನಕ ಹೋಗಿ, ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಮೇಡಂ, ಇನ್ನ ಮ್ಯಾಲ ನಮ್ಮ ಮನಿಗಿ ಬರಬ್ಯಾಡ್ರಿ."

ಹಿರಿಯರಿಗಾಗಿ ಹೇಳಿದಳೇನೋ, ಕಣ್ಣಿನಲ್ಲಾದರೂ ಬೇರೆ ಮಾತಿದೆಯೇನೋ ಎಂದು ಹುಡುಕಿದೆ. ಯಾರ ಮಾತೇ ಆಗಲಿ ಸುಳ್ಳೇನೋ ಎಂದು ನೋಡುವ ನಾನು, ಇದೊಂದು ಸುಳ್ಳಾಗಿರಲಿ ಎಂದು ಬೇಡಿಕೊಂಡೆ. ಅವಳು ಕಣ್ಣು ತಪ್ಪಿಸಲಿಲ್ಲ, ಉತ್ತರಕ್ಕೆ ಕಾಯುತ್ತಾ ನಿಂತಿದ್ದಳು.

"ಆಯ್ತವ್ವಾ, ಬರಂಗಿಲ್ಲ" ಎಂದೆ.